ಗಿರಿಜತ್ತೆಯ ತುಂಬುತೋಳಿನ ಡ್ರೆಸ್

ಹೊಸ ಅರಿವೆಯ ವಾಸನೆ ನಿಮಗೂ ಗೊತ್ತಿರಬೇಕು. ಇನ್ನೂ ನೀರು ಕಾಣದ, ಗಂಜಿ ಬಿಡದ ಹತ್ತಿ ಅರಿವೆಯ ಥಾನು ಬಿಚ್ಚಿ ಹರವಿದಾಗ ಬರುತ್ತದಲ್ಲ, ಒಣ ಹುಲ್ಲಿನಂಥದು, ಅದು. ಹೋದ ಬೇಸಿಗೆಯಲ್ಲಿ ಮಗಳಿಗೆ ಡ್ರೆಸ್ ಕೊಡಿಸಲೆಂದು ಹುಬ್ಬಳ್ಳಿಯ ಒಂದು ಅಂಗಡಿಗೆ ಹೋಗಿದ್ದೆ. ತಣ್ಣನೆಯ ಗಾಳಿ ಬಿಡುವ, ಎಲ್ಲಿ ನೋಡಿದರೂ ಕನ್ನಡಿಗಳೇ ಇರುವ ಅಂಗಡಿ. ಅಂಥಲ್ಲಿ ಆ ವಾಸನೆ ಬರುವುದು ಶಕ್ಯವೇ ಇಲ್ಲ ಅಂದುಕೊಂಡಿದ್ದೆ. ಮೂಲೆಯಲ್ಲಿ ಕೆಲಸದ ಹುಡುಗಿಯೊಬ್ಬಳು ಹೊಸ ಗಂಟು ಬಿಚ್ಚುತ್ತಿದ್ದಳು, ಒಮ್ಮೆಲೇ ಮೂಗಿಗೆ ಬಡಿಯಿತು. ಬಾಯಿಂದ ಮಾತು ಹೇಗೆ ಬಂತೋ ನನಗೇ ತಿಳಿಯಲಿಲ್ಲ: "ಇದರಾಗ ತುಂಬುತೋಳಿಂದು ಐತೇನವಾ? ಕೊರಳು ಮುಚ್ಚಿದ್ದು?" ಮಗಳು ತಿರುಗಿ ನೋಡಿದಳು. "ಹುಚ್ಚ ಹಿಡದೈತೇನ ಮಮ್ಮಿ, ಈ ಬಿಸಿಲಾಗ?" ಅಂದಳು. ಹೌದು, ಹುಚ್ಚೇ. ಅವಳಿಗೆ ಬೇಕಾಗಿದ್ದದ್ದು ತೋಳಿಲ್ಲದ್ದು, ಅದನ್ನೇ ಕೊಡಿಸಿ ಬಸ್ಸು ಹತ್ತಿದೆ. ಕಿಟಕಿಯ ಕಡೆ ಕೂತು ಊರು ಬರುವ ತನಕ ಗಿರಿಜತ್ತೆಯನ್ನು ನೆನೆದೆ. ನೆನೆದರೆ ಕರುಳು ಕಿತ್ತು ಬರಬೇಕು ಅನ್ನುತ್ತಾರೆ ಜನ. ನನಗೆ ಹಾಗೇನೂ ಆಗುವುದಿಲ್ಲ. ಜೋಮು ಹಿಡಿದ ಕಾಲನ್ನು ಚಿವುಟಿದ ಹಾಗೆ, ಚಿವುಟಿದ್ದು ಗೊತ್ತಾಗುತ್ತದೆ, ನೋವು ಗೊತ್ತಾಗುವುದಿಲ್ಲ.

ನಮ್ಮದು ಹಾನಗಲ್ಲಿನಲ್ಲಿ ಮಣ್ಣಿನ ಗೋಡೆಯ ಹಳೆಯ ಮಾಳಿಗೆ ಮನೆ. ತಲೆಬಾಗಿಲು ದಾಟಿದರೆ ದನಗಳ ಗ್ವಾದಲಿ, ಮೆಟ್ಟಿಲು ಏರಿದರೆ ಪಡಸಾಲೆ, ಅದರ ಹಿಂದೆ ಹಗಲಲ್ಲೂ ಕತ್ತಲೆಯಿರುವ ನಡುಮನೆ, ಅದಕ್ಕೂ ಹಿಂದೆ ಬೆಳಕಿಂಡಿಯಿಂದ ಒಂದೇ ಒಂದು ಬಿಸಿಲಕೋಲು ಬೀಳುವ ಅಡಿಗೆಮನೆ. ಹೊಗೆ, ಸಗಣಿ, ಕುದಿಯುವ ಸಾರು, ಮೂರೂ ಕೂಡಿ ಆ ಮನೆಗೆ ಅದರದೇ ಒಂದು ವಾಸನೆ ಇತ್ತು. ಯಜಮಾನಿಕೆ ಎಲ್ಲ ಆಯಿಯದು, ಅಂದರೆ ಅಪ್ಪನ ಅವ್ವನದು. ಅಜ್ಜನನ್ನು ನಾನು ನೋಡಿಲ್ಲ. ಅಪ್ಪ ಹೊಲಕ್ಕೆ, ಅವ್ವ ಒಲೆಗೆ. ಅಪ್ಪನಿಗೆ ಮದುವೆಯಾಗದ ಇಬ್ಬರು ತಂಗಿಯರು, ದೊಡ್ಡಾಕೆ ಗಿರಿಜತ್ತೆ, ಸಣ್ಣಾಕೆ ಶೈಲತ್ತೆ. ಮನೆಯಲ್ಲಿ ಕೂಸು ಅಂದರೆ ನಾನೊಬ್ಬಳೇ, ಹೀಗಾಗಿ ಎಲ್ಲರ ಕಾಲಿಗೂ ತೊಡರುತ್ತಿದ್ದೆ. ಗಿರಿಜತ್ತೆ ಪಡಸಾಲೆ ತುಂಬ ಊರ ಹೆಂಗಸರ ಹಳೆಯ ಸೀರೆಗಳನ್ನು ಹಾಸಿಕೊಂಡು ಕೌದಿ ಹೊಲಿಯುತ್ತಿದ್ದಳು. ಬೇಸಿಗೆಯ ಮಧ್ಯಾಹ್ನ ನಾನು ಹೊಲಿಯುತ್ತಿರುವ ಕೌದಿಯ ಕೆಳಗೇ ನುಸುಳಿ ಅವಳ ತೊಡೆಗೆ ತಲೆ ಕೊಟ್ಟು ಮಲಗುತ್ತಿದ್ದೆ. ತಲೆಯ ಮೇಲೆ ಸೂಜಿ ಅರಿವೆಯೊಳಗೆ ಇಳಿಯುವ, ದಾರ ಸರಕ್ಕನೆ ಎಳೆಯುವ ಸಪ್ಪಳ. "ಕಾಲ ತಗೀ ಕೂಸ, ನಿನ್ನೂ ಸೇರಿಸಿ ಹೊಲದ ಬಿಡ್ತೇನಿ ನೋಡ," ಅನ್ನುತ್ತಿದ್ದಳು. ಹೊಲಿದುಬಿಡಲಿ ಅಂತಲೇ ನಾನು ಕಾಲು ತೆಗೆಯುತ್ತಿರಲಿಲ್ಲ.

ಗಿರಿಜತ್ತೆಗೆ ತೊನ್ನು ಇತ್ತು. ಮೊದಲು ಮುಂಗೈ ಮೇಲೆ ಅವರೆಕಾಳಿನಷ್ಟು ಬೆಳ್ಳಗೆ ಕಂಡಿತಂತೆ, ಆಮೇಲೆ ಮೊಳಕೈ ತನಕ ಏರಿತು, ಕೊರಳಿಗೆ ಬಂತು, ಸೊಂಟಕ್ಕೆ ಇಳಿಯಿತು. ಮುಖಕ್ಕೆ ಮಾತ್ರ ಬಂದಿರಲಿಲ್ಲ. ಮುಖ ಎಷ್ಟು ಲಕ್ಷಣವಾಗಿತ್ತೆಂದರೆ ನೋಡಿದವರು ಮೊದಲು ಮುಖ ನೋಡಿ ನಗುತ್ತಿದ್ದರು, ಆಮೇಲೆ ಕೈ ನೋಡಿ ಸುಮ್ಮನಾಗುತ್ತಿದ್ದರು. ಹತ್ತಿಮತ್ತೂರಿನ ಒಬ್ಬ ವೈದ್ಯರು ಬಾವಂಚಿ ಎಣ್ಣೆ ಕೊಟ್ಟಿದ್ದರು, ಅದನ್ನು ಹಚ್ಚಿಕೊಂಡು ಬಿಸಿಲಿಗೆ ಕೂತರೆ ಮೈಗೆ ಬೊಬ್ಬೆ ಬರುತ್ತಿತ್ತೇ ಹೊರತು ಬಣ್ಣ ಬರುತ್ತಿರಲಿಲ್ಲ. ವರಗಳು ಬರುವುದು ನಿಂತು ಕಾಲವಾಗಿತ್ತು. ಅದು ಅಂಟುರೋಗ ಅಲ್ಲ ಅಂತ ಡಾಕ್ಟರು ಹೇಳಿದ್ದನ್ನು ಅಪ್ಪ ಕಂಡಕಂಡವರಿಗೆಲ್ಲ ಹೇಳುತ್ತಿದ್ದ. ಜನ ಹೂಂ ಹೂಂ ಅನ್ನುತ್ತ ಅವಳು ಕೊಟ್ಟ ಚಹಾದ ಕಪ್ಪನ್ನು ಹಾಗೇ ಬಿಟ್ಟು ಏಳುತ್ತಿದ್ದರು. ಬಾಯಿ ತುಂಬ ಹೂಂ, ಕಪ್ಪಿನ ತುಂಬ ಚಹಾ.

ನಾನು ಐದನೇತ್ತೆ ಮುಗಿಸಿದ ಬೇಸಿಗೆಯಲ್ಲಿ ಶೈಲತ್ತೆಗೆ ಮಾಸೂರಿನ ವರ ಗಟ್ಟಿಯಾಯಿತು. ಕೆರೆಯ ಕೆಳಗೆ ನೀರಾವರಿ ಇದ್ದವರು, ಒಳ್ಳೆಯ ಮನೆತನ. ಅಕ್ಕನನ್ನು ಬಿಟ್ಟು ತಂಗಿಯ ಮದುವೆ ಅಂತ ಊರು ಆಡಿಕೊಳ್ಳುತ್ತದೆ ಎಂದು ಎಲ್ಲರೂ ಹೆದರಿದ್ದರು. ಗಿರಿಜತ್ತೆ ತಾನೇ ಮುಂದೆ ನಿಂತು ಶಾವಿಗೆ ಹೊಸೆದಳು, ಹಪ್ಪಳ ಒತ್ತಿದಳು, ತಂಗಿಗೆ ಕೌದಿ ಹೊಲಿದಳು. ಅವಳು ಕೇಳಿದ್ದು ಒಂದೇ. ನಮ್ಮ ಕಡೆ ಮದುವಣಗಿತ್ತಿಯ ಪಕ್ಕದಲ್ಲಿ ತುಂಬಿದ ಕಳಸ ಹಿಡಿದು ಒಬ್ಬಳು ನಿಲ್ಲುತ್ತಾಳೆ, ಕಳಸಗಿತ್ತಿ ಅಂತ. ಹೆಚ್ಚಾಗಿ ಮದುವೆಯಾಗದ ಅಕ್ಕನೋ ತಂಗಿಯೋ. ಒಂದು ರಾತ್ರಿ ಊಟಕ್ಕೆ ಕೂತಾಗ ಗಿರಿಜತ್ತೆ ರೊಟ್ಟಿ ಮುರಿಯುತ್ತ ತಲೆ ಎತ್ತದೆ ಹೇಳಿದಳು, "ಶೈಲಾ ಹುಟ್ಟಿದಾಗಿಂದ ನಾನ ಎತ್ಕೊಂಡು ತಿರಗ್ಯಾಡೇನಿ. ಕಳಸಾ ನಾನ ಹಿಡೀತೇನವ್ವ. ನನ್ನ ಮದುವಿ ಅಂತೂ ಆಗೂದಿಲ್ಲ. ಅದೊಂದ ಯಾಳ್ಯಾ ಹಂದರದಾಗ ನಿಂತಿರ್ತೇನಿ."

ಬೀಗರ ಕಡೆಯಿಂದ ಒಂದು ಮಾತು ಆಗಲೇ ಬಂದಿತ್ತು, ಕಳಸಗಿತ್ತಿ ಲಕ್ಷಣವಾಗಿರಲಿ ಅಂತ. ಎಲ್ಲರಿಗೂ ಅದರ ಅರ್ಥ ಗೊತ್ತಿತ್ತು, ಅವಳಿಗೂ. ಆಯಿ ತಾಟನ್ನು ಪಕ್ಕಕ್ಕೆ ಸರಿಸಿ ಅಂದಳು, "ಹಿಡಿ. ಆದ್ರ ಕೈ, ಕೊಳ್ಳು ಕಾಣಬಾರದು. ಮುಚ್ಚಿದ್ದೂ ಮುಚ್ಚಿದಂಗ ಕಾಣಬಾರದು. ಅಂಥಾದ್ದೊಂದ ಡ್ರೆಸ್ ಸಿಕ್ರ ನೀನ ನಿಲ್ಲು." ಸೀರೆ ಉಟ್ಟರೆ ಸೊಂಟ ಕಾಣುತ್ತದೆ, ತುಂಬುತೋಳಿನ ರೇಷ್ಮೆ ಕುಬಸ ತೊಟ್ಟರೆ ವೈಶಾಖದ ಸೆಕೆಗೆ ಬೆವತು ಕೊರಳಿನ ಕಲೆ ಕೆಂಪಗಾಗುತ್ತದೆ. ಹೀಗೆ ಲೆಕ್ಕ ಹಾಕಿ ಚೂಡಿದಾರವೇ ಸರಿ ಅಂತಾಯಿತು. ಅದಕ್ಕೆ ನಮ್ಮ ಕಡೆ ಡ್ರೆಸ್ ಅಂತಲೇ ಅನ್ನುವುದು. ಹತ್ತಿಯದಾಗಬೇಕು, ತುಂಬುತೋಳಿರಬೇಕು, ಕೊರಳು ಮುಚ್ಚಬೇಕು, ನೋಡಿದವರು ಚೆಂದ ಅನ್ನಬೇಕು. ಮನೆಯ ದುಡ್ಡೆಲ್ಲ ಶೈಲತ್ತೆಯ ಸೀರೆ, ಬಂಗಾರಕ್ಕೆ ಹೋಗಿತ್ತು. ಗಿರಿಜತ್ತೆ ತನ್ನ ಕೌದಿಯ ದುಡ್ಡನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ಹೊರಟಳು. ಜೊತೆಗೆ ನಾನು. ಶಾಲೆಗೆ ಸೂಟಿ ಇತ್ತಲ್ಲ.

ಹಾನಗಲ್ಲಿನ ಅಂಗಡಿಗಳು ಅರ್ಧ ಹೊತ್ತಿನಲ್ಲಿ ಮುಗಿದವು. "ಬ್ಯಾಸಿಗ್ಯಾಗ ತುಂಬುತೋಳು ಯಾರ ಕೇಳ್ತಾರವಾ? ಚಳಿಗಾಲದಾಗ ಬರ್ರಿ," ಅಂತ ನಕ್ಕ ಅಂಗಡಿಯವನು. ಚಳಿಗಾಲದ ತನಕ ಮದುವೆ ಕಾಯುತ್ತದೆಯೇ? ಶಿಗ್ಗಾವಿಯಲ್ಲಿ ತುಂಬುತೋಳಿನದು ಸಿಕ್ಕಿತು, ಆದರೆ ನೈಲಾನಿನಂಥದು, ಕುಂಕುಮದ ಬಣ್ಣದ್ದು. ಪರದೆಯ ಹಿಂದೆ ತೊಟ್ಟು ನೋಡಿದಳು. ಅಷ್ಟರಲ್ಲೇ ಬೆವರು ಇಳಿಯಿತು, ಆ ಕೆಂಪಿನ ಪಕ್ಕದಲ್ಲಿ ಅಂಗೈ ಬೆನ್ನಿನ ಬಿಳಿ ಇನ್ನಷ್ಟು ಎದ್ದು ಕಂಡಿತು. ಕನ್ನಡಿಯಲ್ಲಿ ಕೈ ನೋಡಿಕೊಂಡು, "ಎಣ್ಣಿ ದೀಪದ ಮುಂದ ಟ್ಯೂಬಲೈಟ ಹಚ್ಚಿದಂಗಾತು," ಅಂತ ತಾನೇ ಹೇಳಿ ನಕ್ಕಳು. ನಾನೂ ನಕ್ಕೆ. ಹಿರೇಕೆರೂರಿಗೆ ಬೀಗರಿಗೆ ಕೊಡುವ ಆಹೇರಿಯ ಅರಿವೆ ತರಲು ಅವ್ವನ ಜೊತೆ ಹೋದಾಗ ಒಂದು ಕಡೆ ನಿಜವಾಗಿಯೂ ಚೆಂದದ್ದು ಕಂಡಿತು, ತಿಳಿ ಹಸಿರು, ಬೆಣ್ಣೆಯಂಥ ಹತ್ತಿ. ಗಿರಿಜತ್ತೆ ಅದರ ತುದಿಯನ್ನು ಹೆಬ್ಬೆರಳಿಂದ ಸವರುತ್ತಲೇ ನಿಂತಿದ್ದಳು. ಬೆಲೆ ಕೇಳಿದ ಮೇಲೆ ಅದನ್ನು ಅಂಗಡಿಯವನಿಗಿಂತ ನೀಟಾಗಿ ಮಡಿಚಿ, ಪದರಕ್ಕೆ ಪದರ ಕೂಡಿಸಿ, ವಾಪಸು ಕೊಟ್ಟಳು. "ಇನ್ನೀಟು ಕಮ್ಮಿ ಮಾಡ್ರಿ" ಅಂತ ಸಹ ಕೇಳಲಿಲ್ಲ. ಬಸ್ಸಿನಲ್ಲಿ ಅವ್ವ, "ಹೋಗ್ಲಿ ಬಿಡು ಗಿರಿಜವ್ವ, ಹಂದರದಾಗ ಯಾರ ನೋಡ್ತಾರ," ಅಂದಳು. "ನೋಡ್ಲಿ ಅಂತ ಅಲ್ಲೇನ ನಿಲ್ಲೂದು," ಅಂದಳು ಗಿರಿಜತ್ತೆ. ಆ ಹೊತ್ತಿಗೆ ಲಗ್ನಪತ್ರಿಕೆ ಹಂಚಿ ಆಗಿತ್ತು, ದಿನ ಹತ್ತಿರ ಬಂದಿತ್ತು. ಆಯಿ ನನ್ನನ್ನು ಅಡಿಯಿಂದ ಮುಡಿತನಕ ಒಂದು ಥರ ನೋಡಲು ಶುರುಮಾಡಿದ್ದಳು.

ಸವಣೂರಿಗೆ ಹೋಗೋಣ ಅಂದದ್ದು ಯಾರು ಅಂತ ನೆನಪಿಲ್ಲ. ಬಸ್‌ಸ್ಟ್ಯಾಂಡಿನಿಂದ ಒಳಗೆ, ಎಲೆ ಮಾರುವವರನ್ನು ದಾಟಿ, ಸಣ್ಣ ಓಣಿಯಲ್ಲಿ ಒಂದು ಕಟ್‌ಪೀಸಿನ ಅಂಗಡಿ. ಥಾನುಗಳ ಕೊನೆಯಲ್ಲಿ ಉಳಿದ ತುಂಡುಗಳನ್ನು ಗುಡ್ಡೆ ಹಾಕಿ ಅಗ್ಗಕ್ಕೆ ಮಾರುವ ಜಾಗ. ಬಾಗಿಲಲ್ಲೇ ಆ ವಾಸನೆ ಎದುರುಗೊಂಡಿತು. ಅಂಗಡಿಯ ಯಜಮಾನ ಮುದುಕರು ನಮಾಜಿಗೆ ಹೋಗಿದ್ದರು, ಅವರ ಸೊಸೆ ಹಸೀನಾ ಒಳಗಿನ ಕೋಣೆಯಲ್ಲಿ ಹೊಲಿಗೆ ಮಶೀನು ತುಳಿಯುತ್ತಿದ್ದಳು, ಎದ್ದು ಬಂದಳು. ಗಿರಿಜತ್ತೆ ಬಾಯಿಪಾಠ ಒಪ್ಪಿಸಿದ ಹಾಗೆ ತನಗೆ ಬೇಕಾದ್ದನ್ನು ಹೇಳಿದಳು, ನಗುವುದಕ್ಕೆ ಕಾಯುತ್ತ ನಿಂತಳು. ಹಸೀನಾ ನಗಲಿಲ್ಲ. "ನಮ್ಮ ಹೆಂಗಸರು ಬ್ಯಾಸಿಗ್ಯಾಗೂ ತುಂಬುತೋಳನ ಹಾಕೋದ್ರೀ. ಸೆಕಿ ಆಗಲಾರ್ದಂಗ ಹೊಲೀಲಿಕ್ಕೆ ಬರ್ತೈತಿ, ಕುಂದರ್ರಿ," ಅಂದಳು. ಗುಡ್ಡೆಯೊಳಗೆ ಕೈ ಹಾಕಿ ಒಂದೊಂದೇ ತುಂಡು ಎಳೆದು ಗಿರಿಜತ್ತೆಯ ಕೈಮೇಲೆ ಹಾಸಿ ನೋಡಿದಳು. ಅಲ್ಲ, ಅಲ್ಲ, ಇದೂ ಅಲ್ಲ. ಕೊನೆಗೆ ಕೆನೆಬಣ್ಣದ ಒಂದು ತುಂಡು ಬಂತು, ಮೈತುಂಬ ಸಣ್ಣಸಣ್ಣ ಬಿಳಿ ಹೂವು, ನಡುನಡುವೆ ಕಂದು ಎಲೆ. ಕೈಮೇಲೆ ಹಾಸಿದಳು. ಹೂವು ಎಲ್ಲಿಗೆ ಮುಗಿಯಿತು, ಕೈ ಎಲ್ಲಿಂದ ಶುರುವಾಯಿತು ತಿಳಿಯಲಿಲ್ಲ. ಮೂವರೂ ಸ್ವಲ್ಪ ಹೊತ್ತು ಆ ಕೈಯನ್ನೇ ನೋಡಿದೆವು.

ಅಳತೆ ತೆಗೆಯುವಾಗ ಹಸೀನಾ ಅವಳ ಮಣಿಕಟ್ಟನ್ನು ಹಿಡಿದುಕೊಂಡಳು. ಬೆರಳ ತುದಿಯಲ್ಲಲ್ಲ, ಬಳೆ ಇಡಿಸುವವರು ಹಿಡಿಯುವ ಹಾಗೆ ಇಡೀ ಮುಷ್ಟಿಯಲ್ಲಿ. ಗಿರಿಜತ್ತೆಯ ಮುಖ ನೋಡಿದೆ. ಅವಳು ಗೋಡೆ ನೋಡುತ್ತಿದ್ದಳು. ತೋಳನ್ನು ಅಂಗೈ ಬೆನ್ನಿನ ತನಕ ಮೂಲೆಯಾಗಿ ಇಳಿಸಿ ಬೆರಳಿಗೆ ಸಿಗಿಸಲು ಒಂದು ದಾರದ ಉಂಗುರ, ಕೊರಳಿಗೆ ನಿಂತ ಪಟ್ಟಿ, ಕಂಕುಳಲ್ಲಿ ಗಾಳಿಯಾಡಲು ಸಡಿಲು, ನಡುವಿನಲ್ಲಿ ಮಾತ್ರ ಸ್ವಲ್ಪ ಬಿಗಿ. ಅದೇ ವಾರ ಹೊಲಿದು ಕೊಟ್ಟಳು. ಅಲ್ಲೇ ತೊಡಿಸಿ, ಹೆಗಲು ಹಿಡಿದು ತಿರುಗಿಸಿ, "ನಜರ್ ತಗೀಬೇಕ್ರಿ ಮನಿಗೆ ಹೋಗಿ," ಅಂದಳು. ಆ ದಿನ ಗಿರಿಜತ್ತೆ ಉಳಿದ ದುಡ್ಡಿನಲ್ಲಿ ನನಗೆ ಸವಣೂರ ಖಾರ ಕೊಡಿಸಿದಳು. ಬಸ್ಸಿನಲ್ಲಿ ಇಬ್ಬರೂ ಒಂದೇ ಪೊಟ್ಟಣದಿಂದ ತಿಂದೆವು. ದಾರಿಯುದ್ದಕ್ಕೂ ಅವಳು ಯಾರೂ ಕೇಳದ ಹಾಗೆ ಸೋಬಾನೆ ಗುನುಗುತ್ತಿದ್ದಳು. ಅಷ್ಟು ಸಂತೋಷದಲ್ಲಿ ನಾನು ಅವಳನ್ನು ಹಿಂದೆ ನೋಡಿರಲಿಲ್ಲ, ಮುಂದೆಯೂ ನೋಡಲಿಲ್ಲ.

ಮದುವೆ ಮಾಸೂರಿನಲ್ಲಿ, ಗಂಡಿನ ಮನೆಯ ಮುಂದೆ ಹಾಕಿದ ಹಂದರದಲ್ಲಿ. ನಮಗೆ ಬಿಟ್ಟುಕೊಟ್ಟಿದ್ದ ಮನೆಯಲ್ಲಿ ಬೆಳಿಗ್ಗೆ ಗಿರಿಜತ್ತೆ ಡ್ರೆಸ್ ಕೈಗೆತ್ತಿಕೊಂಡಳು. ಹೊಸ ಅರಿವೆಯನ್ನು ಅರಿಷಿಣ ಹಚ್ಚದೆ ಮೈಮೇಲೆ ಹಾಕುವ ಪದ್ಧತಿ ನಮ್ಮಲ್ಲಿಲ್ಲ. ಮೂಲೆಗೆ ಒಂದು ಬೊಟ್ಟು ಸಾಕು. ಆಯಿಗೆ ಆ ಕೆನೆಬಣ್ಣ ಸೇರಿರಲಿಲ್ಲ. "ಮದುವಿ ಮನಿಯಾಗ ಬಿಳೇದು ಬ್ಯಾಡಿತ್ತವಾ, ಇರ್ಲಿ, ಒಂದೀಟು ಅರಿಷಿಣ ಜಾಸ್ತೀನ ಇರ್ಲಿ," ಅಂತ ತೇಯ್ದ ಅರಿಷಿಣದಲ್ಲಿ ಬೆರಳು ಅದ್ದಿ, ಮುಂದೆ ಹಚ್ಚಿದರೆ ಕಾಣುತ್ತದೆಂದು ಹಿಂದೆ, ಸೊಂಟದ ಕೆಳಗೆ ಹಚ್ಚಿದಳು. ಶುಭವಾಗಲಿ ಅಂತಲೇ ಹಚ್ಚಿದ್ದು. ಅದು ಒಣಗುವ ಮೊದಲೇ ಗಿರಿಜತ್ತೆ ತೊಟ್ಟು, ತಂಗಿಯ ಹಣೆಗೆ ಹೂವಿನ ದಂಡಿ ಕಟ್ಟಲು ಕೂತಳು. ಎದ್ದಾಗ ಬೊಟ್ಟು ಅಂಗೈ ಅಗಲವಾಗಿತ್ತು. ಅವ್ವ ಗಡಬಡಿಸಿ ಬಚ್ಚಲಿಗೆ ಎಳೆದುಕೊಂಡು ಹೋಗಿ ಬಕೀಟಿನಲ್ಲಿದ್ದ ಒದ್ದೆ ವಸ್ತ್ರದಿಂದ ಒರೆಸಿದಳು. ಒರೆಸುತ್ತ ಒರೆಸುತ್ತ ಹಳದಿ ಕೆಂಪಾಯಿತು. ಬಕೀಟಿನಲ್ಲಿದ್ದದ್ದು ಅರಿವೆ ಒಗೆಯುವ ಸಬಕಾರದ ನೀರು. "ಅಯ್ಯ ನನ್ನ ಕೈ ಸುಡ್ಲಿ! ಅರಿಷಿಣಕ್ಕ ಸಬಕಾರ ತಾಗಿಸಿದೆ," ಅಂತ ಅವ್ವ ಹಣೆ ಬಡಿದುಕೊಂಡಳು. ಅರಿಷಿಣಕ್ಕೆ ಸಬಕಾರ ತಾಗಿದರೆ ಕೆಂಪಾಗುತ್ತದೆ ಅನ್ನುವುದು ಒಮ್ಮೆಯಾದರೂ ಅರಿವೆ ಒಗೆದ ಯಾವ ಹೆಂಗಸಿಗೆ ಗೊತ್ತಿಲ್ಲ? ಬಿಸಿಲಿಗೆ ಹಾಕಿದ್ದರೆ ಹೋಗುತ್ತಿತ್ತು. ಬಿಸಿಲಿತ್ತು, ಹೊತ್ತಿರಲಿಲ್ಲ. ಹೊರಗೆ ಆಗಲೇ ಭಜಂತ್ರಿಯವರು ಊದತೊಡಗಿದ್ದರು.

ಓಢಣಿಯನ್ನು ಹಿಂದೆ ಉದ್ದಕ್ಕೆ ಇಳಿಬಿಟ್ಟರೆ ಮುಚ್ಚಬಹುದು ಅಂತ ಅವ್ವ ಹೊಂದಿಸುತ್ತಿರುವಾಗ ಮದುಮಗನ ದೊಡ್ಡವ್ವ ಇನ್ನಿಬ್ಬರು ಹೆಂಗಸರ ಜೊತೆ ಕರೆಯಲು ಬಂದರು. ಅವರ ಕಣ್ಣು ಮೊದಲು ಗಿರಿಜತ್ತೆಯ ಮುಖಕ್ಕೆ ಹೋಯಿತು, ಆಮೇಲೆ ಕೈಗೆ ಹೋಯಿತು. ಕೈ ಕಾಣಲಿಲ್ಲ. ಆದರೂ ಅವರಿಗೆ ಗೊತ್ತಿತ್ತು, ಯಾರೋ ಹೇಳಿಯೇ ಇದ್ದರು. ಕಳಸ ಎತ್ತಿಕೊಳ್ಳಲು ಗಿರಿಜತ್ತೆ ಬಗ್ಗಿದಾಗ ಹಿಂದಿನ ಕೆಂಪು ಕಂಡಿತು. ದೊಡ್ಡವ್ವ ಅದನ್ನು ನೋಡಿದರು, ಆಯಿಯನ್ನು ನೋಡಿದರು, ಬಹಳ ಮೆತ್ತಗೆ ಕೇಳಿದರು, "ಹುಡುಗಿ ಹೊರಗಾದಂಗ ಕಾಣತೈತಲ್ರಿ?"

ಅವ್ವ ಬಾಯಿ ತೆರೆದಳು. "ಅಲ್ರೀ, ಅದು ಅರಿಷಿ—" ಆಯಿ ಅವಳ ರಟ್ಟೆ ಹಿಡಿದಳು, ಅವ್ವ ನಿಂತಳು. ನಮ್ಮ ಮನೆಯಲ್ಲಿ ಮುಟ್ಟು ಮೈಲಿಗೆ ಪಾಲಿಸುತ್ತಲೇ ಇರಲಿಲ್ಲ. ಆ ದಿನಗಳಲ್ಲೂ ಗಿರಿಜತ್ತೆ ಒಲೆಯ ಮುಂದೆ ಕೂತು ರೊಟ್ಟಿ ಬಡಿಯುತ್ತಿದ್ದಳು, ಆಯಿಯೇ ಅದನ್ನು ಉಣ್ಣುತ್ತಿದ್ದಳು. ಈಗ ಆ ಆಯಿ ಮಗಳ ಕಡೆ ತಿರುಗಿ, "ಹೌದೇನ ಗಿರಿಜಾ?" ಅಂದಳು. ಗದರಲಿಲ್ಲ. ಬೇಡಿಕೊಂಡಳು. ಅವಳ ದನಿಯಲ್ಲಿ ಶೈಲತ್ತೆಯ ಮದುವೆ ಇತ್ತು, ಗಂಡಿನ ಮನೆಯವರ ಮುಖ ಇತ್ತು, ಇನ್ನೂ ಏನೇನೋ ಇತ್ತು. ಗಿರಿಜತ್ತೆ ತನ್ನ ಅವ್ವನ ಮುಖವನ್ನು ನೋಡುತ್ತ ನಿಂತಳು. ಕೈಯಲ್ಲಿದ್ದ ಕಳಸವನ್ನು ಅಕ್ಕಿಯ ಮೇಲೆ ತುಳುಕದ ಹಾಗೆ ಇಟ್ಟಳು.

"ಹೌದವ್ವ," ಅಂದಳು.

ಎಲ್ಲರಿಗೂ ಜೀವ ಬಂತು. ಎಷ್ಟು ಅಂತಃಕರಣ ಅಂತೀರಿ ಆ ಹೆಂಗಸರಿಗೆ! "ಪಾಪ, ಯಾಳೇಕ್ಕ ಸರಿಯಾಗಿ ಬಂತ ನೋಡ," ಅಂದರು, "ಹೆಣ್ಣಿನ ಜಲ್ಮಾನ ಹಿಂಗ," ಅಂದರು, "ಡ್ರೆಸ್ ಎಷ್ಟ ಚಂದ ಐತಿ, ಎಲ್ಲಿ ತಂದ್ರಿ?" ಅಂತಲೂ ಕೇಳಿದರು. ಅಲ್ಲಿದ್ದ ಒಬ್ಬೊಬ್ಬರ ಕೈಯೂ ಆ ಬೆಳಿಗ್ಗೆ ಅರಿಷಿಣದಲ್ಲೇ ಇತ್ತು, ಒಬ್ಬೊಬ್ಬರಿಗೂ ಆ ಕೆಂಪು ಯಾವುದರದು ಅಂತ ಗೊತ್ತಿತ್ತು. ಶೈಲತ್ತೆ ದಂಡಿಯ ಹಿಂದಿನಿಂದ ಅಕ್ಕನನ್ನು ನೋಡಿ ತಲೆ ತಗ್ಗಿಸಿದಳು. ಅವಳಾದರೂ ಏನನ್ನಬೇಕಿತ್ತು? ಆಯಿ ನನ್ನನ್ನು ಮುಂದಕ್ಕೆ ತಂದು ನೆತ್ತಿಗೆ ನೀರು ಸವರಿ, ಫ್ರಾಕು ಜಗ್ಗಿ ನೇರ ಮಾಡಿ, ಕಳಸ ಕೈಗೆ ಕೊಟ್ಟಳು. ಅಕ್ಕಿಕಾಳು ಬಿದ್ದಾಗ ನಾನು ಹಂದರದ ನಡುವೆ ನಿಂತಿದ್ದೆ. ತಾಮ್ರದ ತಂಬಿಗೆ ಭಾರವಾಗಿತ್ತು, ಎಲೆಯ ತುದಿ ಗದ್ದಕ್ಕೆ ಚುಚ್ಚುತ್ತಿತ್ತು. ಏನನಿಸಿತು ಅಂದರೆ, ಏನೂ ಅನಿಸಲಿಲ್ಲ.

ಆಮೇಲೆ ಆ ಮಾತು ನಮ್ಮ ಮನೆಯಲ್ಲಿ ಎಂದೂ ಬರಲಿಲ್ಲ. ಡ್ರೆಸ್ ಏನಾಯಿತು ಅಂತ ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಆಯಿ ಹೋದಳು. ರಸ್ತೆ ಅಗಲ ಮಾಡುವಾಗ ಮನೆಯ ಗ್ವಾದಲಿ, ಪಡಸಾಲೆ ಹೋದವು, ಉಳಿದದ್ದನ್ನು ಅಪ್ಪ ಮಾರಿದ. ಈಗ ಅಲ್ಲಿ ಮೊಬೈಲಿನ ಅಂಗಡಿ, ಒಂದು ಬೇಕರಿ. ಗಿರಿಜತ್ತೆ ಶಿಗ್ಗಾವಿಯಲ್ಲಿ ಒಂದು ಖೋಲಿ ಹಿಡಿದು ಕೌದಿ ಹೊಲಿಯುತ್ತಲೇ ಉಳಿದಳು. ತೊನ್ನು ಮುಖಕ್ಕೂ ಬಂದು, ಕೊನೆಕೊನೆಗೆ ಮೈಯೆಲ್ಲ ಒಂದೇ ಬಣ್ಣವಾಗಿ, ಗೊತ್ತಿಲ್ಲದವರು ಎಷ್ಟು ಬೆಳ್ಳಗಿದ್ದಾರೆ ಅನ್ನುತ್ತಿದ್ದರಂತೆ. ಅವಳು ಹೋದ ಸುದ್ದಿ ಬಂದಾಗ ನಾನು ರೊಟ್ಟಿ ಬಡಿಯುತ್ತಿದ್ದೆ. ನಾದಿದ ಹಿಟ್ಟು ಮುಗಿಯುವ ತನಕ ಬಡಿದೆ, ಹಂಚು ಇಳಿಸಿದೆ, ಕೈ ತೊಳೆದೆ. ಅಳಬೇಕು ಅಂತ ಕೂತೆ. ಬರಲಿಲ್ಲ.

ಆ ಮದುವೆಯ ದಿನ ಮಧ್ಯಾಹ್ನ ಅವ್ವ ನನ್ನ ಕೈಯಲ್ಲಿ ಒಂದು ತಾಟು ಕೊಟ್ಟು, "ಗಿರಿಜತ್ತಿಗೆ ಕೊಟ್ಟ ಬಾ," ಅಂದಳು. ಗೋದಿ ಹುಗ್ಗಿ, ಮೇಲೆ ತುಪ್ಪ. ಗಿರಿಜತ್ತೆ ಹಂದರದ ಆಚೆ, ಹಿತ್ತಲಿನ ಬೇವಿನ ಮರದ ಕಟ್ಟೆಯ ಮೇಲೆ ಒಬ್ಬಳೇ ಕೂತಿದ್ದಳು. ಎರಡೂ ತೋಳುಗಳನ್ನು ಮೊಳಕೈ ತನಕ ಮಡಿಚಿದ್ದಳು. ಹಿತ್ತಲಲ್ಲಿ ಯಾರೂ ಇರಲಿಲ್ಲ, ಊಟದ ಗದ್ದಲವೆಲ್ಲ ಮುಂದಿನ ಕಡೆ. ನನಗೆ ಅವಳ ತೊಡೆಯ ಮೇಲೆ ತಲೆ ಇಡಬೇಕು ಅನಿಸಿತ್ತು. ನಿದ್ದೆ ಬಂದಿತ್ತು. ತಾಟು ಹಿಡಿದುಕೊಂಡು ಹತ್ತಿರ ಹೋದೆ. ಅವಳು ಕೈ ಅಡ್ಡ ಹಿಡಿದಳು. "ಅಲ್ಲೇ ಇಡು ಕೂಸ. ನನ್ನ ಮುಟ್ಟಬ್ಯಾಡ, ನಾ ಹೊರಗದೇನಿ." ನಾನು ಕಣ್ಣು ಬಿಟ್ಟು ನೋಡಿದೆ. ಬಚ್ಚಲಲ್ಲಿ ಅವ್ವ ಸಬಕಾರದ ನೀರಿನಿಂದ ಒರೆಸುವಾಗ ನಾನು ಪಕ್ಕದಲ್ಲೇ ನಿಂತಿದ್ದೆ ಅನ್ನುವುದು ಅವಳಿಗೆ ಗೊತ್ತಿತ್ತು. "ಅತ್ತಿ, ಅದು ಅರಿಷಿಣ ಅಲ್ಲೇನ?" ಅಂದೆ. "ಅಲ್ಲ," ಅಂದಳು. ನಾನು ತಾಟನ್ನು ನೆಲದ ಮೇಲಿಟ್ಟೆ. ಅವಳು ಎದ್ದು ಬಂದು ಅದನ್ನು ತಗೊಂಡು, ನನಗೆ ಬೆನ್ನು ಮಾಡಿ ಕೂತು ಉಂಡಳು.